ದುರ್ಗದ ಕಡೆಯವರು ದರಿಯಾ ದೌಲತ್ ನೋಡುವ ಬಗೆ

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ ದರಿಯಾ ದೌಲತ್ ಬಾಗ್ ಅನ್ನು ಚಿತ್ರದುರ್ಗ, ದಾವಣಗೆರೆಯಿಂದ ಹೋಗುವ ನಾವು ಮೈಸೂರು ಪ್ರವಾಸದ ನಡುವೆ ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತೇವೆ. ಅದಕ್ಕೆ ಎರಡು ಗಂಟೆಯನ್ನಾದರೂ ಮೀಸಲಿಡಬೇಕು.

ದಾವಣಗೆರೆಯಿಂದ ರೈಲಿನಲ್ಲಿ ಹೋಗುವವರು ಮೊದಲು ಮಾರ್ಗ ನೋಡಿಕೊಳ್ಳಬೇಕು. ಅರಸೀಕೆರೆಯಲ್ಲಿ ಹಾಸನದ ಕಡೆಗೆ ತಿರುಗುವ ಮೈಸೂರು ರೈಲು ಶ್ರೀರಂಗಪಟ್ಟಣವನ್ನು ಮುಟ್ಟುವುದಿಲ್ಲವಾದ್ದರಿಂದ ಮೈಸೂರಿನಲ್ಲಿಳಿದು ಬಸ್ಸು ಹಿಡಿಯಬೇಕಾಗುತ್ತದೆ. ಅರಮನೆಯಿರುವುದು ಕೋಟೆಯೊಳಗಲ್ಲ, ಕೋಟೆಯಿಂದ ಪೂರ್ವಕ್ಕೆ, ಕಾವೇರಿಯ ದಡದ ಬಳಿ.

ಬಾಗಿಲು ದಾಟಿದೊಡನೆ ಕಟ್ಟಡದತ್ತ ಧಾವಿಸದೆ, ಉದ್ಯಾನದ ನೇರ ದಾರಿಯಲ್ಲಿ ನಿಧಾನವಾಗಿ ನಡೆಯಿರಿ. ಎತ್ತರದ ಚೌಕ ಜಗಲಿ, ಅದರ ಮೇಲೆ ಸುತ್ತಲೂ ತೇಗದ ಕಂಬಗಳ ಪಡಸಾಲೆ, ಬಿಸಿಲು ತಾಗದಂತೆ ಅದರ ಹಿಂದೆ ಅಡಗಿದ ಗೋಡೆಗಳು, ಹತ್ತಿರದಲ್ಲೇ ಹೊಳೆ: ಬೇಸಿಗೆಗೆಂದೇ ಕಟ್ಟಿದ ಮನೆಯ ಜಾಣ್ಮೆ ಹೊರಗಿನಿಂದಲೇ ತಿಳಿಯುತ್ತದೆ. ಚಿತ್ರಗಳು ಮಾಸದಿರಲೆಂದು ಪಡಸಾಲೆಗೆ ಹಸಿರು ಪರದೆಗಳನ್ನು ಇಳಿಬಿಟ್ಟಿರುವುದರಿಂದ ಒಳಗೆ ಬೆಳಕು ಕಡಿಮೆ. ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಬೇಕು.

ನಿಮ್ಮ ಸಮಯದ ಬಹುಪಾಲು ಪಶ್ಚಿಮದ ಗೋಡೆಗೆ ಸಲ್ಲಲಿ. ಅಲ್ಲಿರುವುದು 1780ರ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಸಮೀಪದ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರ ಪಡೆಯನ್ನು ಸೋಲಿಸಿದ ಕಾಳಗ. ಮೊದಲು ದೂರ ನಿಂತು ಇಡೀ ಗೋಡೆಯನ್ನು ನೋಡಿ, ಆಮೇಲೆ ಹತ್ತಿರ ಹೋಗಿ ಒಂದೊಂದೇ ಗುರುತು ಹಿಡಿಯಿರಿ: ಚೌಕಾಕಾರದಲ್ಲಿ ಒತ್ತೊತ್ತಾಗಿ ನಿಂತ ಸಿಪಾಯಿಗಳು, ಅವರ ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಇಂಗ್ಲಿಷ್ ಪಡೆಯ ನಾಯಕ ಕರ್ನಲ್ ಬೇಲಿ, ಸ್ಫೋಟಗೊಳ್ಳುತ್ತಿರುವ ಮದ್ದಿನ ಬಂಡಿ. ಮಕ್ಕಳಿಗೆ ಇವನ್ನು ಹುಡುಕಲು ಬಿಟ್ಟರೆ ಅವರು ದೊಡ್ಡವರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಾರೆ. ಈ ಬಣ್ಣವೆಲ್ಲ ಟಿಪ್ಪುವಿನ ಕಾಲದ್ದೇ ಎಂದು ತಿಳಿಯಬಾರದು. 1799ರಲ್ಲಿ ಪಟ್ಟಣ ಬಿದ್ದ ಬಳಿಕ ಇಲ್ಲಿ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ವಾಸವಾಗಿದ್ದನು. ಅಳಿಸಿಹೋಗಿದ್ದ ಚಿತ್ರಗಳನ್ನು ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬರೆಸಲಾಯಿತು.

ಪೂರ್ವದ ಗೋಡೆಯ ದರ್ಬಾರು ದೃಶ್ಯಗಳನ್ನೂ ಒಳಗಿನ ವಸ್ತುಸಂಗ್ರಹಾಲಯವನ್ನೂ ಇದಾದ ಮೇಲೆ ನೋಡಿದರೆ ಸಾಕು.

ಹೊರಡುವ ಮುನ್ನ ಪಶ್ಚಿಮದ ಗೋಡೆಯೆದುರು ಇನ್ನೊಮ್ಮೆ ನಿಲ್ಲಿ. ಹೈದರ್ ನಮ್ಮ ಏಳುಸುತ್ತಿನ ಕೋಟೆಯನ್ನು ಗೆದ್ದು ಮದಕರಿ ನಾಯಕನನ್ನು ಇದೇ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಕಳುಹಿಸಿದ್ದು 1779ರಲ್ಲಿ, ಅಂದರೆ ಈ ಗೋಡೆಯ ಮೇಲಿನ ಕಾಳಗಕ್ಕೆ ಒಂದೇ ವರ್ಷ ಮೊದಲು.