ಬಾರ್ತೊಲಿನ್ ಗಡ್ಡೆ, ತೊಡೆಸಂದಿನ ಮೂರು ಗಂಟು

ಆಕೆಗೆ 52 ವರ್ಷ. ಯೋನಿದ್ವಾರದ ಎಡಪಕ್ಕದಲ್ಲಿರುವ ಬಾರ್ತೊಲಿನ್ ಗ್ರಂಥಿ ಊದಿದೆ ಅಂತ ಬೇರೆ ಕಡೆ ಎರಡು ಸಲ ಕೊಯ್ದಿದ್ದರು. ಕೀವು ಬಂದಿರಲಿಲ್ಲ. ನಲವತ್ತು ದಾಟಿದವರಲ್ಲಿ ಅಲ್ಲಿ ಹೊಸದಾಗಿ ಗಡ್ಡೆ ಕಂಡರೆ ಬಯಾಪ್ಸಿ ಮಾಡಲೇಬೇಕು. ಮಾಡಿಸಿದೆ. ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಸ್ಕ್ವಾಮಸ್ ಕ್ಯಾನ್ಸರ್, 2.5 ಸೆಂ.ಮೀ. ಸ್ಕ್ಯಾನಿನಲ್ಲಿ ತೊಡೆಸಂದಿನ ಲಿಂಫ್ ಗಂಟುಗಳು ಸರಿಯಾಗಿಯೇ ಇದ್ದವು.

ಎರಡೂ ಕಡೆಯ ಗಂಟುಗಳನ್ನೆಲ್ಲ ತೆಗೆದುಬಿಡುವುದು ಹಳೆಯ ದಾರಿ. ಆಮೇಲೆ ಗಾಯ ಬಿಟ್ಟುಕೊಳ್ಳುವುದು, ನೀರು ತುಂಬುವುದು, ಕಾಲು ಊದಿ ಚಪ್ಪಲಿ ಹಿಡಿಸದಿರುವುದು, ಎಲ್ಲ ನೋಡಿದ್ದೇನೆ. ಅದಕ್ಕೇ ಗಡ್ಡೆಯಿಂದ ಹರಿಯುವ ಲಿಂಫ್ ದ್ರವ, ಅದರ ಜೊತೆ ಕಾಯಿಲೆಯೂ, ಮೊದಲು ತಲುಪುವ ಸೆಂಟಿನೆಲ್ ಗಂಟನ್ನಷ್ಟೇ ತೆಗೆದು ನೋಡೋಣ ಎಂದುಕೊಂಡೆ. ಯೋನಿಯ ಹೊರಭಾಗದ ಕ್ಯಾನ್ಸರ್ ಬಗ್ಗೆ 2008ರಲ್ಲಿ ಪ್ರಕಟವಾದ ಗ್ರೋಯಿನ್ಸ್-ವಿ ಅಧ್ಯಯನದಲ್ಲಿ, ಒಂದೇ ಗಡ್ಡೆಯಿದ್ದು ಸೆಂಟಿನೆಲ್ ಗಂಟು ಶುದ್ಧವಾಗಿದ್ದ 259 ಹೆಂಗಸರಲ್ಲಿ 6 ಜನರಿಗೆ ಮಾತ್ರ ಕಾಯಿಲೆ ತೊಡೆಸಂದಿಗೆ ಮರಳಿತ್ತು. ಆದರೆ ಅದು ಮುಖ್ಯವಾಗಿ ಮೇಲ್ಚರ್ಮದ ಗಡ್ಡೆಗಳ ಲೆಕ್ಕ. ಬಾರ್ತೊಲಿನ್ ಗಡ್ಡೆ ಚರ್ಮದ ಒಳಗೆ ಅಡಗಿ ಕೂತಿರುತ್ತದೆ.

“ಇಷ್ಟು ತೆಗೆದ್ರೆ ಗ್ಯಾರಂಟಿನಾ ಡಾಕ್ಟ್ರೇ?” ಅಂದರು.

“ಗ್ಯಾರಂಟಿ ಇಲ್ಲಮ್ಮ. ನಿಮ್ಮಂಥ ಗಡ್ಡೆ ತುಂಬಾ ಅಪರೂಪ, ಪುರಾವೆ ಕಡಿಮೆ. ಗಂಟಿನಲ್ಲಿ ಕಾಯಿಲೆ ಸಿಕ್ಕರೆ ಮತ್ತೆ ಆಪರೇಷನ್ ಅಥವಾ ರೇಡಿಯೇಷನ್ ಬೇಕಾಗುತ್ತೆ. ತಪ್ಪದೆ ತೋರಿಸಿಕೊಳ್ಳಬೇಕು.”

ಸೆಂಟಿನೆಲ್ ಗಂಟು ಯಾವುದು ಅಂತ ಗೊತ್ತಾಗಲು ಗಡ್ಡೆಯ ಅಂಚಿಗೆ ಗುರುತಿನ ಔಷಧಿ ಚುಚ್ಚುತ್ತೇವೆ, ಅದು ಲಿಂಫ್ ಜೊತೆ ಹರಿದು ಗಂಟು ಸೇರುತ್ತದೆ. ನಿಜವಾದ ತಲೆನೋವು ಆ ಇಂಜೆಕ್ಷನ್ ಎಲ್ಲಿ ಕೊಡಬೇಕು ಅನ್ನೋದು. ಚರ್ಮದ ಗಡ್ಡೆಯಾದರೆ ಅಂಚು ಕಣ್ಣಿಗೆ ಕಾಣುತ್ತದೆ. ಇಲ್ಲಿ ಕಾಣುವುದಿಲ್ಲ. ಹಿಂದೊಮ್ಮೆ ಇಂಥದ್ದೇ ಗಡ್ಡೆಗೆ ಸೂಜಿಯನ್ನು ಆಳಕ್ಕೆ ಇಳಿಸಿದ್ದೆ. ಔಷಧಿ ಅಲ್ಲೇ ನಿಂತಿತು, ತೊಡೆಸಂದಿನಲ್ಲಿ ಏನೂ ಕಾಣಲಿಲ್ಲ, ಆ ಕಡೆಯ ಗಂಟುಗಳನ್ನೆಲ್ಲ ತೆಗೆಯಬೇಕಾಯಿತು. ಈ ಸಲ ಒಂದು ಬೆರಳು ಯೋನಿಯ ಒಳಗೆ, ಹೆಬ್ಬೆರಳು ಹೊರಗೆ ಇಟ್ಟು ಅಂಚನ್ನು ತಡವಿ ಗುರುತು ಮಾಡಿಕೊಂಡೆ. ಆ ಗುರುತಿನ ಮೇಲೆ ನಾಲ್ಕು ಕಡೆ, ಚರ್ಮದ ಪದರದಲ್ಲೇ, ವಿಕಿರಣ ಸೂಸುವ ಟೆಕ್ನೀಷಿಯಂ ಕೊಡಿಸಿದೆ. ಹಳೆಯ ಕೊಯ್ತದ ಕಲೆಯನ್ನೂ ಬಿಡಲಿಲ್ಲ. ಥಿಯೇಟರಿನಲ್ಲಿ ನೀಲಿ ಬಣ್ಣ ಸೇರಿಸಿದೆ. ಮೂತ್ರ ನೀಲಿ-ಹಸಿರು ಬರುತ್ತೆ ಅಂತ ಮೊದಲೇ ಹೇಳಿದ್ದೆ. ಹೇಳದಿದ್ದರೆ ಗಾಬರಿಯಾಗುತ್ತಾರೆ, ಅಲ್ವಾ?

ಗಡ್ಡೆ ನಡುಗೆರೆಗೆ ಹತ್ತಿರವಿದ್ದುದರಿಂದ ಎರಡೂ ಕಡೆ ಹುಡುಕಿದೆ. ವಿಕಿರಣ ಇರುವ ಕಡೆ ಸದ್ದು ಮಾಡುವ ಗಾಮಾ ಪ್ರೋಬನ್ನು ಇಂಜೆಕ್ಷನ್ ಜಾಗದಿಂದ ಆಚೆ ಮುಖ ಮಾಡಿ ಹಿಡಿಯಬೇಕು, ಇಲ್ಲದಿದ್ದರೆ ಆ ಸದ್ದೇ ಕಿವಿ ತುಂಬುತ್ತದೆ. ಎಡಕ್ಕೆ ಎರಡು, ಬಲಕ್ಕೆ ಒಂದು ಗಂಟು ಸಿಕ್ಕಿತು. ಆಮೇಲೆ ಗಡ್ಡೆ ತೆಗೆದೆ. ಪೆಥಾಲಜಿಯವರು ಗಂಟುಗಳನ್ನು ತೆಳ್ಳಗೆ ಪದರ ಪದರವಾಗಿ ಕೊಯ್ದು ನೋಡಿದರು. ಮೂರರಲ್ಲೂ ಕಾಯಿಲೆ ಇರಲಿಲ್ಲ.

ಈಗ ಮೂರು ತಿಂಗಳಿಗೊಮ್ಮೆ ಬರುತ್ತಾರೆ. ನಾನು ತೊಡೆಸಂದು ಮುಟ್ಟಿ ನೋಡುತ್ತೇನೆ, ಟೇಪಿನಲ್ಲಿ ಎರಡೂ ಕಾಲು ಅಳೆಯುತ್ತೇನೆ. ಕಳೆದ ಸಲ ಟೇಪ್ ಹುಡುಕುತ್ತಿದ್ದಾಗ, “ಬಿಡಿ ಡಾಕ್ಟ್ರೇ, ಹಳೇ ಚಪ್ಪಲೀನೇ ಹಾಕ್ಕೊಂಡು ಬಂದಿದೀನಿ” ಅಂದರು.