ಶಾಸನ ಹೇಳಿದ್ದನ್ನೆಲ್ಲ ನಂಬಬಹುದಾ? ಐಹೊಳೆಯಲ್ಲೇ ಪರೀಕ್ಷೆ ಮಾಡಿ

ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ಅಂತ ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಅದು ಗೊತ್ತಾಗಿದ್ದು ಹೇಗೆ ಅಂತ ಕೇಳಿದವರು ಕಡಿಮೆ. ಆ ಒಂದು ಸಾಲನ್ನೇ ಹಿಡಿದು, ಇತಿಹಾಸಕಾರರು ಆಕರಗಳನ್ನು ಹೇಗೆ ಜಾಲಾಡುತ್ತಾರೆ ನೋಡೋಣ.

ಮೊದಲು ಆಕರದ ಬಗೆ ಗುರುತಿಸಿ. ಆ ಕಾಲದ್ದೇ ಆದ ಶಾಸನ, ನಾಣ್ಯ, ಪ್ರವಾಸಿಯ ಬರಹ ಪ್ರಾಥಮಿಕ ಆಕರ. ಅವನ್ನು ಓದಿ ಈಗಿನವರು ಬರೆದದ್ದು ದ್ವಿತೀಯಕ. ಪಠ್ಯಪುಸ್ತಕವೂ ಈ ಎರಡನೇ ಗುಂಪಿನದೇ.

ಆಮೇಲೆ ಕೇಳಬೇಕಾದ್ದು: ಯಾರು ಬರೆದರು, ಯಾವಾಗ, ಯಾರ ಋಣದಲ್ಲಿದ್ದು ಬರೆದರು? ಐಹೊಳೆಯ ಮೇಗುತಿ ಗುಡಿಯ ಶಾಸನದಲ್ಲಿ ಶಕ 556 ಅಂತಿದೆ, ಅಂದರೆ ಕ್ರಿ.ಶ. 634-35. ಬರೆದವನು ರವಿಕೀರ್ತಿ. ಆ ಜಿನಾಲಯ ಕಟ್ಟಿಸಿದವನೂ ಅವನೇ, ಪುಲಕೇಶಿಯ ಕೃಪೆ ಪಡೆದವನೂ ಅವನೇ. ಅಂಥವನು ದೊರೆಯನ್ನು ಹೊಗಳದೆ ಇರುತ್ತಾನಾ? ಹರ್ಷನ ಆನೆಗಳು ಯುದ್ಧದಲ್ಲಿ ಬಿದ್ದವು, ಹರ್ಷ ಹೆದರಿಹೋದ ಅಂತ ಬರೆದಿದ್ದಾನೆ.

ಹಾಗಂತ ಸುಮ್ನೆ ಸುಳ್ಳು ಅಂತ ತಳ್ಳಿಹಾಕಬೇಡಿ. ಎದುರು ಕಡೆಯವರ ಮಾತು ಹುಡುಕಿ. ಚೀನಾದ ಪ್ರವಾಸಿ ಹ್ಯುಯೆನ್ ತ್ಸಾಂಗ್ ಹರ್ಷನಿಂದ ಮರ್ಯಾದೆ ಪಡೆದವನು, ಅವನನ್ನು ಬಾಯ್ತುಂಬ ಹೊಗಳಿದವನು. ಅಂಥವನೇ, ಹರ್ಷ ತಾನೇ ಸೈನ್ಯದ ಮುಂದೆ ನಿಂತು ಹೋದರೂ ಪುಲಕೇಶಿಯ ನಾಡಿನವರನ್ನು ಮಣಿಸಲಾಗಲಿಲ್ಲ ಅನ್ನುತ್ತಾನೆ. ಹಾಗಾಗಿ ಹರ್ಷನ ಆಟ ಇಲ್ಲಿ ನಡೆಯಲಿಲ್ಲ ಅನ್ನುವುದು ಗಟ್ಟಿ. ಆನೆ ಬಿದ್ದದ್ದು, ಹೆದರಿದ್ದು ಮಾತ್ರ ರವಿಕೀರ್ತಿಯ ಬಾಯಿಮಾತು.

ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನ ಹೆಜ್ಜೆ. ಬರೆದವನು ಸಾಬೀತು ಮಾಡಲು ಹೊರಡದೆ ಬಿಟ್ಟುಕೊಟ್ಟ ಸಂಗತಿಗಳನ್ನು ಹೆಕ್ಕಿ. ರವಿಕೀರ್ತಿ ತನ್ನನ್ನು ಸಂಸ್ಕೃತ ಕವಿಗಳಾದ ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಸ್ವಲ್ಪ ಅತಿಯಾಯ್ತು ಅಲ್ವಾ? ಆದರೆ ಆ ಬಡಾಯಿಯಿಂದಲೇ, ಅವರಿಬ್ಬರೂ 634ಕ್ಕೆ ಮೊದಲೇ ಹೆಸರು ಮಾಡಿದ್ದರು ಅಂತ ನಮಗೆ ಖಚಿತವಾಗಿ ಗೊತ್ತಾಗುತ್ತದೆ.

ಇನ್ನು, ಆಕರ ಹೇಳದೆ ಬಿಟ್ಟದ್ದೇನು ನೋಡಿ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದ. ಮೊದಲೇ ಕೆತ್ತಿದ ಐಹೊಳೆ ಶಾಸನದಲ್ಲಿ ಅದು ಸಿಗುವುದಿಲ್ಲ. ಓಡುತ್ತಿದ್ದ ಪುಲಕೇಶಿಯ ಬೆನ್ನ ಮೇಲೆ ನರಸಿಂಹವರ್ಮ 'ವಿಜಯ' ಅಂತ ಬರೆದ ಎನ್ನುತ್ತದೆ ಪಲ್ಲವರ ಕೂರಂ ತಾಮ್ರಪಟ. ಇದೂ ಹೊಗಳಿಕೆಯೇ, ಅದೂ ನರಸಿಂಹವರ್ಮನ ಮೊಮ್ಮಗನ ಕಾಲದ್ದು. ಆದರೆ ಬಾದಾಮಿಯ ಬಂಡೆಯ ಮೇಲೆ, ಅಕ್ಷರ ಸವೆದಿದ್ದರೂ, ನರಸಿಂಹವರ್ಮನ ಶಾಸನವೇ ಇದೆ. ಶತ್ರುವಿನ ರಾಜಧಾನಿಯಲ್ಲಿ ಶಾಸನ ಕೆತ್ತಿಸಬೇಕಾದರೆ ಊರು ಅವನ ಕೈಯಲ್ಲಿರಲೇಬೇಕಲ್ಲ.