ಮಿಲ್ಟ್ರಿ ಮನೆಗಳ ನೆನಪು ಬರೆದುಕೊಂಡ ಬಗೆ

ಮಾಜಿ ಸೈನಿಕರ ಮುಂದೆ ಕೂತು ‘ಯುದ್ಧದಾಗ ಏನಾತು, ಹೇಳ್ರಿ ಅಜ್ಜಾರ’ ಅಂದರೆ ನಮ್ಮ ಕಡೆ ಬರುವ ಉತ್ತರ ಹೆಚ್ಚುಕಮ್ಮಿ ಒಂದೇ. 1971ರ ಡಿಸೆಂಬರ್, ಇಂದಿನ ಬಾಂಗ್ಲಾದೇಶದ ಜಮಾಲ್‌ಪುರ. ಶರಣಾಗಿ ಎಂದು ನಮ್ಮ ಬ್ರಿಗೇಡಿಯರ್ ಕ್ಲೇರ್ ಚೀಟಿ ಕಳಿಸುತ್ತಾರೆ. ಪಾಕಿಸ್ತಾನದ ಕಡೆಯ ಲೆಫ್ಟಿನೆಂಟ್ ಕರ್ನಲ್ ಸುಲ್ತಾನ್ ಅಹ್ಮದ್ ಉತ್ತರ ಬರೆದು ಅದರೊಳಗೆ ಒಂದು ಗುಂಡು ಸುತ್ತಿ ವಾಪಸ್ ಕಳಿಸುತ್ತಾರೆ. ಡಿಸೆಂಬರ್ 10ರ ರಾತ್ರಿ ಪಾಕಿಸ್ತಾನದ ಸೈನಿಕರು ಊರು ಬಿಟ್ಟು ಹೊರಟಾಗ ದಾರಿಯಲ್ಲಿ ಮರಾಠಾ ದಳದ ಒಂದನೇ ಪಲ್ಟನ್, ಅಂದರೆ ಜಂಗಿ ಪಲ್ಟನ್, ಕಾದು ಕೂತಿರುತ್ತದೆ. ಮುಂದೆ ಢಾಕಾ.

ಇದು ನಡೆದದ್ದೇ, ದಾಖಲಾದದ್ದೇ. ಆದರೆ ಆ ಚೀಟಿಯನ್ನು ಕಣ್ಣಾರೆ ಕಂಡ ಸಿಪಾಯಿ ನನಗಂತೂ ಸಿಕ್ಕಿಲ್ಲ. ಅದು ಅವರು ಆಮೇಲೆ ಕೇಳಿದ್ದು. ಪಲ್ಟನ್ನಿನ ಕಾರ್ಯಕ್ರಮಗಳಲ್ಲಿ, ಪತ್ರಿಕೆಯಲ್ಲಿ, ಟಿವಿಯಲ್ಲಿ ಕೇಳಿ ಕೇಳಿ ಬಾಯಿಪಾಠವಾದದ್ದು. ಅದರ ಕೆಳಗೆ ಅವರ ಸ್ವಂತದ್ದು ಬೇರೆಯೇ ಇರುತ್ತದೆ. ಅದನ್ನು ಹೊರಗೆ ತರುವುದು ಹೇಗೆ ಅನ್ನುವುದೇ ಈಚಿನ ವರ್ಷಗಳಲ್ಲಿ ನಾನು ಹಚ್ಚಿಕೊಂಡಿರುವ ಕೆಲಸ.

ನಾನು ಇತಿಹಾಸ ಓದಿದವನಲ್ಲ, ಅಂಚೆ ಇಲಾಖೆಯವನು. ಬೈಲಹೊಂಗಲ ಸೀಮೆಯ ಪೋಸ್ಟ್ ಆಫೀಸುಗಳಲ್ಲೇ ಸರ್ವಿಸ್ ಮುಗಿಯಿತು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಹೆಸರು ಮರಾಠಾ ಆದರೂ ನಮ್ಮ ಕಡೆಯ ಕನ್ನಡದ ಹುಡುಗರು ಅಲ್ಲಿ ಮೊದಲಿನಿಂದಲೂ ಭರ್ತಿಯಾಗುತ್ತ ಬಂದಿದ್ದಾರೆ. ಹೀಗಾಗಿ ಸುತ್ತಲಿನ ಹಳ್ಳಿಗಳಲ್ಲೆಲ್ಲ ‘ಮಿಲ್ಟ್ರಿ ಮನಿ’ ಅಂತ ಕರೆಸಿಕೊಳ್ಳುವ ಮನೆಗಳಿವೆ. ಆ ಮನೆಗಳ ಮನಿಯಾರ್ಡರ್, ಇನ್‌ಲ್ಯಾಂಡ್ ಪತ್ರ, ಪಿಂಚಣಿ ಎಲ್ಲ ನಮ್ಮ ಕೈಮೇಲೇ ಹಾದು ಹೋಗುತ್ತಿದ್ದವು. ಆ ಪರಿಚಯವೇ ನನ್ನ ಬಂಡವಾಳ.

ಮೊದಲ ದಿನ ಯುದ್ಧದ ಮಾತು ಎತ್ತುವುದಿಲ್ಲ, ಟ್ರಂಕು ತೆಗೆಸುತ್ತೇನೆ. ತಗಡಿನ ಕರಿ ಟ್ರಂಕು, ಮೇಲೆ ಬಿಳಿ ಬಣ್ಣದಲ್ಲಿ ನಂಬರ್, ಹುದ್ದೆ, ಹೆಸರು. ಈಗ ಅದರಲ್ಲಿ ಹೆಚ್ಚಾಗಿ ಹಾಸಿಗೆ ಬಟ್ಟೆಯೋ ಮೊಮ್ಮಕ್ಕಳ ಹಳೆಯ ಪುಸ್ತಕವೋ ಇರುತ್ತದೆ. ತಳದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಡಿಸ್ಚಾರ್ಜ್ ಬುಕ್, ಪಿಂಚಣಿಯ ಆದೇಶಪತ್ರ (ಪಿಪಿಒ), ಪದಕಗಳು. ಭರ್ತಿಯಾದ ದಿನ, ಬಿಟ್ಟು ಬಂದ ದಿನ, ಸಿಕ್ಕ ಪದಕ, ಹೆಂಡತಿ ಮಕ್ಕಳ ಹೆಸರು ಎಲ್ಲ ಡಿಸ್ಚಾರ್ಜ್ ಬುಕ್ಕಿನಲ್ಲೇ ಇರುವುದರಿಂದ ಅರ್ಧ ಪ್ರಶ್ನೆಗಳನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ. ಪದಕವೂ ಹೇಳುತ್ತದೆ. ಪೂರ್ವಿ ಸ್ಟಾರ್ ಇದ್ದರೆ 1971ರಲ್ಲಿ ಆ ಮನುಷ್ಯ ಬಾಂಗ್ಲಾ ಕಡೆ ಇದ್ದ, ಪಶ್ಚಿಮಿ ಸ್ಟಾರ್ ಇದ್ದರೆ ಪಂಜಾಬ್, ರಾಜಸ್ಥಾನ, ಕಾಶ್ಮೀರದ ಕಡೆ. ಸಮರ ಸೇವಾ ಸ್ಟಾರ್ ಇದ್ದರೆ 1965ರ ಯುದ್ಧವನ್ನೂ ಕಂಡವನು. ಸಂಗ್ರಾಮ್ ಮೆಡಲಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ನಂಬರ್ ಮತ್ತು ಹೆಸರು ಕೆತ್ತಿರುತ್ತಾರೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರ ಎದ್ದು ಕಾಣುತ್ತವೆ, ಆಗ ಫೋಟೊ ತೆಗೆಯಬೇಕು. ಸೊಸೆಯಂದಿರು ಪಾಪ ಒಳ್ಳೆಯ ಮನಸ್ಸಿನಿಂದಲೇ ‘ತಡೀರಿ, ಹುಣಸೆಹಣ್ಣು ಹಚ್ಚಿ ತಿಕ್ಕಿ ಕೊಡ್ತೀನಿ’ ಅಂತ ಎದ್ದು ಬಿಡುತ್ತಾರೆ. ತಿಕ್ಕಿದರೆ ಹೆಸರು ಸವೆಯುತ್ತದೆ ಎಂದು ಕೈಮುಗಿದು ಕೂರಿಸಬೇಕಾಗುತ್ತದೆ.

ಕಾಗದ ಪತ್ರ ಇದ್ದರಂತೂ ನನಗೆ ಹಬ್ಬ. ಸೈನಿಕನ ಪತ್ರದಲ್ಲಿ ಊರಿನ ಹೆಸರು ಇರುವುದಿಲ್ಲ, ಬರೆಯುವಂತಿರಲಿಲ್ಲ. ಆದರೆ ವಿಳಾಸದಲ್ಲಿ ‘ಕೇರ್ ಆಫ್ 56 ಎಪಿಒ’ ಅಥವಾ ‘ಕೇರ್ ಆಫ್ 99 ಎಪಿಒ’ ಎಂದಿರುತ್ತದೆ. ಎಪಿಒ ಅಂದರೆ ಆರ್ಮಿ ಪೋಸ್ಟ್ ಆಫೀಸ್. 56 ಅಂದರೆ ದಿಲ್ಲಿಯಲ್ಲಿ ವಿಂಗಡಣೆ, 99 ಅಂದರೆ ಕಲ್ಕತ್ತಾದಲ್ಲಿ. ಮನೆಯವರಿಗೆ ಮಗ ಎಲ್ಲಿದ್ದಾನೆಂದು ತಿಳಿಯದಿದ್ದರೂ 56 ಹೋಗಿ 99 ಬಂತೆಂದರೆ ಪಲ್ಟನ್ ಪೂರ್ವಕ್ಕೆ ಸರಿಯಿತೆಂದು ಪೋಸ್ಟ್ ಆಫೀಸಿನವರಿಗೆ ಗೊತ್ತಾಗುತ್ತಿತ್ತು. ಗೊತ್ತಾದರೂ ನಮ್ಮ ಹಿರಿಯರು ಬಾಯಿ ಬಿಡುತ್ತಿರಲಿಲ್ಲ.

ಪತ್ರಕ್ಕಿಂತ ಹೆಚ್ಚು ಉಳಿದುಕೊಂಡಿರುವುದು ಮನಿಯಾರ್ಡರ್ ಕೂಪನ್. ಫಾರಂನ ಕೆಳಗೆ ನಾಲ್ಕು ಸಾಲು ಬರೆಯುವಷ್ಟು ಜಾಗ ಇರುತ್ತಿತ್ತು. ಆ ತುಂಡನ್ನು ಹರಿದು ಹಣದ ಜೊತೆ ಮನೆಯವರಿಗೆ ಕೊಡುತ್ತಿದ್ದೆವು. ಒಂದು ಮನೆಯಲ್ಲಿ ಅಜ್ಜಿ ಅವನ್ನೆಲ್ಲ ತಂತಿಗೆ ಚುಚ್ಚಿ ಮಾಡಿನ ಕೊಕ್ಕೆಗೆ ತೂಗುಹಾಕಿದ್ದರು. ಹೊಗೆ ಹಿಡಿದು ಕಂದಾಗಿದ್ದವು. ಒಂದೊಂದನ್ನೇ ಬಿಡಿಸಿ ಓದಿದೆ. ‘ಎತ್ತಿನ ಸಾಲ ಮೊದಲು ತೀರಿಸಿರಿ.’ ‘ತಂಗಿಯ ಲಗ್ನಕ್ಕೆ ರಜೆ ಸಿಗುವುದಿಲ್ಲ, ನನಗಾಗಿ ಕಾಯಬೇಡಿರಿ.’ ‘ಇಲ್ಲಿ ಎಲ್ಲ ಕ್ಷೇಮ. ಥಂಡಿ ಬಹಳ.’ ಆಮೇಲೆ ಮೂರು ತಿಂಗಳು ಕೂಪನ್ನೇ ಇಲ್ಲ. ಮುಂದಿನದರಲ್ಲಿ ಮತ್ತೆ ‘ಇಲ್ಲಿ ಎಲ್ಲ ಕ್ಷೇಮ.’ ನಡುವೆ ಒಂದು ಯುದ್ಧ ಆಗಿ ಹೋಗಿತ್ತು.

ಇನ್ನು ಮಾತಿಗೆ ಕೂರುವ ವಿಷಯ. ಬೆಳಿಗ್ಗೆ ಹೋಗುವುದು ಮೇಲು. ಸಂಜೆ ಕ್ಯಾಂಟೀನ್ ರಮ್ಮಿನ ಜೊತೆ ಬರುವ ನೆನಪುಗಳಲ್ಲಿ ಟ್ಯಾಂಕುಗಳ ಸಂಖ್ಯೆ ವಿಪರೀತ ಏರುತ್ತದೆ. ಫ್ಯಾನ್ ಬಂದ್ ಮಾಡಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಚಿದ ಟವೆಲ್ ಮೇಲೆ ಇಟ್ಟು ರೆಕಾರ್ಡ್ ಮಾಡುತ್ತೇನೆ. ಬರಿಯ ಮೇಜಿನ ಮೇಲಿಟ್ಟರೆ ಕಪ್ಪು-ಬಸಿ ಇಟ್ಟ ಸಪ್ಪಳವೂ ಗುಡುಗಿನಂತೆ ಕೇಳುತ್ತದೆ. ಮೊಮ್ಮಕ್ಕಳು ಹತ್ತಿರ ಇರದಿದ್ದರೆ ಒಳ್ಳೆಯದು. ಅವರು ‘ಎಷ್ಟ್ ಮಂದೀನ್ನ ಹೊಡದಿ, ಅಜ್ಜಾ?’ ಅಂತ ಕೇಳುತ್ತಾರೆ, ಅಜ್ಜ ಏನೋ ಒಂದು ಸಂಖ್ಯೆ ಹೇಳಿ ನಗಿಸುತ್ತಾನೆ, ಅಲ್ಲಿಗೆ ಆ ದಿನ ಮುಗಿದಂತೆ. ಆ ಪ್ರಶ್ನೆಯನ್ನು ನಾನು ಯಾವತ್ತೂ ಕೇಳಿಲ್ಲ. ಹೇಳಬೇಕೆನಿಸಿದವರು ತಾವಾಗಿಯೇ ಹೇಳುತ್ತಾರೆ, ಬಹಳ ತಡವಾಗಿ, ಕೆಲವೊಮ್ಮೆ ಗೇಟಿನ ತನಕ ಕಳಿಸಲು ಬಂದಾಗ.

ನಾನು ಕೇಳುವುದು ಕಾಲು, ಹೊಟ್ಟೆ, ನಿದ್ದೆಯ ಬಗ್ಗೆ. ಬೂಟು ಹೇಗಿತ್ತು? ಕಾಲುಚೀಲ ಒಣಗಿಸಿದ್ದು ಎಲ್ಲಿ? ಲಂಗರ್, ಅಂದರೆ ಪಲ್ಟನ್ನಿನ ಅಡುಗೆಮನೆ, ಹಿಂದೆ ಉಳಿದಾಗ ತಿಂದದ್ದೇನು? ಮೋರ್ಚಾ ತೋಡಿದಾಗ ಎಷ್ಟು ಆಳಕ್ಕೆ ನೀರು ಬಂತು? ಇಂಥ ಪ್ರಶ್ನೆಗೆ ಟಿವಿಯಲ್ಲಿ ಉತ್ತರ ಸಿಗುವುದಿಲ್ಲ, ಹೀಗಾಗಿ ಅವರು ತಮ್ಮದನ್ನೇ ಹುಡುಕಿ ತೆಗೆಯಬೇಕಾಗುತ್ತದೆ. ‘ನಾವು’ ಎನ್ನುತ್ತಿದ್ದವರು ‘ನಾನು’ ಎನ್ನತೊಡಗಿದರೆ ದಾರಿ ಸಿಕ್ಕಿತೆಂದು ಲೆಕ್ಕ. ಜಮಾಲ್‌ಪುರದ ಚೀಟಿಯ ಕಥೆ ಹೇಳಿ ಸುಮ್ಮನಾಗಿದ್ದ ಹವಾಲ್ದಾರರೊಬ್ಬರು ಊಟದ ಮಾತು ಬಂದದ್ದೇ ನೆಟ್ಟಗೆ ಕೂತರು. ಬ್ರಹ್ಮಪುತ್ರಾ ದಾಟಿದ ಮೇಲೆ ಕೈಚೀಲದಲ್ಲಿದ್ದದ್ದು ಕಲ್ಲಿನಂತಾಗಿದ್ದ ಪೂರಿ ಮತ್ತು ಶಕ್ಕರಪಾರೆ. ಆ ಊರ ಜನ ಎತ್ತಿನ ಗಾಡಿ ತಂದು ಸಾಮಾನು ಸಾಗಿಸಿಕೊಟ್ಟರಂತೆ. ಒಬ್ಬ ಹೆಣ್ಣುಮಗಳು ಸೆರಗಿನ ತುಂಬ ಏನೋ ತಂದು ಇವರ ಹೆಲ್ಮೆಟ್ಟಿಗೆ ಸುರಿದಳು. ‘ನೋಡಿದ್ರ ಚುರುಮುರಿ ರೀ ಸರ! ನಮ್ಮೂರ ಸಂತ್ಯಾಗ ಸಿಗೋ ಚುರುಮುರಿ! ಉಳ್ಳಾಗಡ್ಡಿ ಒಂದ್ ಇದ್ದಿಲ್ಲ ನೋಡ್ರಿ.’ ನಕ್ಕರು. ಆಮೇಲೆ ಅದೇ ರಾತ್ರಿಯೋ ಮರುರಾತ್ರಿಯೋ ಕತ್ತಲಲ್ಲಿ ಜನ ನಡೆದು ಬರುವ ಸಪ್ಪಳ ಕೇಳಿದ್ದನ್ನು ಹೇಳಿದರು. ಮಾತಿಲ್ಲ, ಕೆಮ್ಮಿಲ್ಲ, ಒಣಗಿದ ಕೂಳೆಯ ಮೇಲೆ ಬೂಟು ಮಾತ್ರ. ಗುಂಡು ಹಾರಿಸು ಎಂಬ ಹುಕುಂ ಬರುವ ತನಕ ಬಾಯಲ್ಲಿದ್ದ ಚುರುಮುರಿಯನ್ನು ಅಗಿಯಲೂ ಇಲ್ಲ, ನುಂಗಲೂ ಇಲ್ಲವಂತೆ.

ಕೆಲವರಿಗೆ ಅಂಜಿಕೆ ಇರುತ್ತದೆ, ಮಾತಾಡಿದರೆ ಪಿಂಚಣಿಗೆ ಏನಾದರೂ ಆದೀತೆಂದು. ನಿಮ್ಮ ಹತ್ಯಾರದ ಲೆಕ್ಕ, ಸರಹದ್ದಿನ ಪೋಸ್ಟಿನ ನಕ್ಷೆ ನನಗೆ ಬೇಡವೇ ಬೇಡ, ನಿಮ್ಮ ಬೂಟಿನ ಕಥೆ ಸಾಕು ಎಂದು ಮೊದಲೇ ಹೇಳಿಬಿಡುತ್ತೇನೆ.

ಹೆಂಡತಿಯನ್ನು ಬೇರೆಯಾಗಿಯೇ ಕೂರಿಸಿ ಮಾತಾಡಿಸಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಗಂಡ ಎದುರಿಗಿದ್ದರೆ ‘ನನಗೇನ್ ಗೊತ್ತಾಕ್ಕೈತ್ರಿ, ಅವ್ರನ್ನ ಕೇಳ್ರಿ’ ಎಂದು ಒಳಗೆ ಹೋಗುತ್ತಾರೆ. ನನ್ನ ಹೆಂಡತಿ ಜೊತೆಗೆ ಬರತೊಡಗಿದ ಮೇಲೆ ಈ ಕೆಲಸ ಸಲೀಸಾಯಿತು. ಅವಳು ಅಡುಗೆಮನೆಗೇ ಹೋಗಿ ಕೂರುತ್ತಾಳೆ. ‘ಮನಿಯಾರ್ಡರ್ ತಡಾ ಆದ್ರ ಕಿರಾಣಿ ಅಂಗಡಿಯಾಂವ ಉದ್ರಿ ಕೊಡ್ತಿದ್ನೇನ್ರಿ ಅಕ್ಕಾರ?’ ಅಂತ ಒಂದು ಪ್ರಶ್ನೆ ಸಾಕು. ಅತ್ತೆ, ಮೈದುನ, ಹೊಲ, ಬಸಿರು, ಪತ್ರ ಓದಿಸಿಕೊಳ್ಳಲು ಮಾಸ್ತರರ ಮನೆಗೆ ಹೋಗಬೇಕಾದ ಸಂಕೋಚ, ಓದುವಾಗ ಅವರು ಬಿಟ್ಟುಬಿಡುತ್ತಿದ್ದ ಸಾಲುಗಳ ಅನುಮಾನ, ಎಲ್ಲ ಒಂದರ ಹಿಂದೆ ಒಂದು ಬರುತ್ತವೆ.

ಆದರೆ ತಾರೀಖು ಬರುವುದಿಲ್ಲ, ಅವರ ಲೆಕ್ಕ ಹಬ್ಬದ್ದು, ಬೆಳೆಯದ್ದು. ಅದಕ್ಕೆ ನಾನು ಹಳೆಯ ಪಂಚಾಂಗ ಇಟ್ಟುಕೊಂಡು ತಾಳೆ ನೋಡುತ್ತೇನೆ. ‘ಎಳ್ಳ ಅಮಾಸಿ ಹಿಂದಿನ ದಿನ ಸಂಜಿಮುಂದ ರೇಡಿಯೋದಾಗ ಹೇಳಿದ್ರು, ಲಡಾಯಿ ಮುಗೀತು ಅಂತ. ಮರದಿನ ಹೊಲಕ್ಕ ಹೋಗಿ ಚರಗಾ ಚೆಲ್ಲಿದ್ವಿ. ಅವ್ರು ಇದ್ದಾರೋ ಇಲ್ಲೋ ಗೊತ್ತಿದ್ದಿಲ್ಲ. ಅತ್ತಿ ಅವ್ರ ಪಾಲಿಂದೂ ಎಡಿ ಹಿಡದ್ಲು’ ಎಂದರು ಒಬ್ಬರು. ಪಂಚಾಂಗ ತೆಗೆದು ನೋಡಿದೆ. ಢಾಕಾದಲ್ಲಿ ಶರಣಾಗತಿ ಆದದ್ದು 1971ರ ಡಿಸೆಂಬರ್ 16, ಗುರುವಾರ. ಆ ವರ್ಷದ ಎಳ್ಳ ಅಮಾವಾಸ್ಯೆ 17ಕ್ಕೆ, ಶುಕ್ರವಾರ. ಸಾಲಿ ಕಲಿಯದ ಆ ಅಜ್ಜಿ ಐವತ್ತು ವರ್ಷದ ಮೇಲೂ ಒಂದು ದಿನ ಆಚೀಚೆ ಹೇಳಿರಲಿಲ್ಲ. ಗಂಡ ಬದುಕಿರುವ ಪತ್ರ ಕೈಗೆ ಬರುವಷ್ಟರಲ್ಲಿ ಜೋಳದ ತೆನೆ ಮುರಿಯುವುದು ಶುರುವಾಗಿತ್ತಂತೆ. ಯುದ್ಧ ಹದಿನಾಲ್ಕು ದಿನದ್ದು ಎಂದು ನಾವು ಓದುತ್ತೇವೆ. ಆ ಮನೆಯಲ್ಲಿ ಅದು ಸೀಗಿ ಹುಣ್ಣಿಮೆಯಿಂದ ಸುಗ್ಗಿಯ ತನಕ ನಡೆದಿತ್ತು.

ಗಂಡ ಬಾರದೇ ಹೋದ ಮನೆಗಳ ವಿಷಯ ಬೇರೆ. ಸತ್ತ ಸೈನಿಕನ ದೇಹವನ್ನು ಊರಿಗೆ ತರುವುದು ವಾಡಿಕೆಯಾದದ್ದು 1999ರ ಕಾರ್ಗಿಲ್ ಯುದ್ಧದಿಂದ ಈಚೆಗೆ. ಹೂವಿನ ಟ್ರಕ್ಕು, ಮೆರವಣಿಗೆ, ಗಾಳಿಯಲ್ಲಿ ಗುಂಡು, ಇದನ್ನೆಲ್ಲ ಕಂಡ ಇಂದಿನವರಿಗೆ ಅದಕ್ಕೂ ಮುಂಚೆ ಹಾಗಿರಲಿಲ್ಲ ಎಂದರೆ ನಂಬಿಕೆ ಬರುವುದಿಲ್ಲ. 1962, 65, 71ರಲ್ಲಿ ಬಹುತೇಕರ ಸಂಸ್ಕಾರ ರಣರಂಗದ ಹತ್ತಿರವೇ ಆಗುತ್ತಿತ್ತು. ಮನೆಗೆ ಬರುತ್ತಿದ್ದದ್ದು ತಂತಿ. ತಿಂಗಳುಗಳ ಮೇಲೆ ಟ್ರಂಕು. ನಮ್ಮಲ್ಲಿ ಹೂಳುವವರು ಹೆಚ್ಚು, ಹೂಳಲು ಏನೂ ಇಲ್ಲ. ಒಂದು ಮನೆಯವರು ಟ್ರಂಕಿನಲ್ಲಿ ಬಂದ ಸ್ವೆಟರು ಮತ್ತು ಒಂದು ಜೊತೆ ಕ್ಯಾನ್ವಾಸ್ ಬೂಟನ್ನು ಹೊಲದ ಬದುವಿನಲ್ಲಿ ಹೂಳಿ ಕಲ್ಲು ನೆಟ್ಟಿದ್ದಾರೆ. ಇನ್ನೊಂದು ಮನೆಯ ತಾಯಿ ಕೊನೆಯ ತನಕ ಅದಕ್ಕೂ ಒಪ್ಪಲಿಲ್ಲವಂತೆ. ಕಣ್ಣಿಲೆ ಕಾಣದೇ ಹೆಂಗ್ ಮಣ್ಣು ಕೊಡೂದು ಅಂತ. ಇಂಥ ಕಡೆ ನಾನು ರೆಕಾರ್ಡರ್ ಮೊದಲ ದಿನ ಚೀಲದಿಂದ ತೆಗೆಯುವುದೇ ಇಲ್ಲ.

ವಿಧವೆಯರ ಮರುಮದುವೆಯ ಮಾತು ಬಂದರೆ ಮನೆಯವರು ಗಪ್ಪಾಗುತ್ತಾರೆ. ಶೌರ್ಯ ಪದಕ ಪಡೆದವರ ವಿಧವೆಗೆ ಸಿಗುವ ಮಾಸಿಕ ಭತ್ಯೆ, ಆಕೆ ಮರುಮದುವೆಯಾದರೂ ಮುಂದುವರಿಯಬೇಕಿದ್ದರೆ ಸತ್ತ ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾಗಿರಬೇಕು ಎಂಬ ಷರತ್ತು 2017ರ ತನಕ ಇತ್ತು. ಪದಕ ಬಂದ ಮನೆಗಳು ಎಷ್ಟು ಮಹಾ, ಆದರೆ ‘ರೊಕ್ಕ ಮನ್ಯಾಗ ಉಳೀಬೇಕು’ ಎಂಬ ಅದೇ ಲೆಕ್ಕ ಎಲ್ಲ ಮನೆಗಳಲ್ಲೂ ನಡೆದಿದೆ. ಮೈದುನನಿಗೇ ಕೊಟ್ಟು ಉಡಿಕೆ ಮಾಡಿದ ಹೆಣ್ಣುಮಕ್ಕಳು ಆ ಕಥೆಯನ್ನು ನನ್ನ ಹೆಂಡತಿಗೆ ಹೇಳಿದ್ದಾರೆ. ಅದನ್ನು ಬೇರೆ ಫೈಲಿನಲ್ಲಿ ಇಟ್ಟಿದ್ದೇವೆ. ಅವರು ಇರುವ ತನಕ ಯಾರಿಗೂ ಕೇಳಿಸುವುದಿಲ್ಲ ಎಂದು ಮಾತು ಕೊಟ್ಟಿದ್ದಾಗಿದೆ.

ಕೆಲವರು ಅಜ್ಜನ, ಮುತ್ತಜ್ಜನ ಕಾಲದ್ದನ್ನು ಕೇಳಿಕೊಂಡು ಬರುತ್ತಾರೆ. ‘ಇಟಲಿಯಾಗ ಸತ್ತರಂತ’ ಎನ್ನುವುದಷ್ಟೇ ಗೊತ್ತಿರುತ್ತದೆ. ಎರಡನೇ ಮಹಾಯುದ್ಧದಲ್ಲಿ ಸತ್ತವರ ಹೆಸರುಗಳನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ಹುಡುಕಬಹುದು. ಎಷ್ಟೋ ಹೆಸರುಗಳ ಮುಂದೆ ತಂದೆಯ ಹೆಸರು, ಊರು, ಜಿಲ್ಲೆ ಕೂಡ ಇವೆ. ಇಂಗ್ಲಿಷ್ ಕಾಗುಣಿತ ಮಾತ್ರ ಗುಮಾಸ್ತನ ಕಿವಿಗೆ ಬಿಟ್ಟದ್ದು. ‘ಬೆಲ್ಗಾಮ್’ ಎಂದೇ ಹಾಕಬೇಕು, ಅಡ್ಡಹೆಸರು ಬಿಟ್ಟು ಬರಿ ಹೆಸರಿನಿಂದ ನೋಡಬೇಕು. ದಹನ ಮಾಡಿದವರ ಹೆಸರು ಗೋರಿಯ ಮೇಲೆ ಇರುವುದಿಲ್ಲ, ಇಟಲಿಯ ಸಾಂಗ್ರೊ ನದಿಯ ದಹನ ಸ್ಮಾರಕದಂಥ ಕಡೆ ಕೆತ್ತಿರುತ್ತಾರೆ. ಸ್ವಾತಂತ್ರ್ಯದ ನಂತರ ಮಡಿದವರ ಹೆಸರು ದಿಲ್ಲಿಯಲ್ಲಿ 2019ರ ಫೆಬ್ರವರಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲಿದೆ, ಇಪ್ಪತ್ತೈದು ಸಾವಿರಕ್ಕೂ ಹೆಚ್ಚು. ಅಪ್ಪನ ಹೆಸರಿನ ಕಲ್ಲಿನ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿದಾಗ ಅರವತ್ತು ದಾಟಿದ ಮಗನೊಬ್ಬ ಕೇಳಿದ್ದು, ‘ಇದನ್ನ ದೊಡ್ಡದು ಮಾಡಿ ಪ್ರಿಂಟ್ ಹಾಕಿಸಿದ್ರ ಎಷ್ಟಾಕ್ಕೈತಿ?’

ರೆಕಾರ್ಡ್ ಮಾಡಿದ್ದನ್ನು ಆಡಿದ ಮಾತಿನಲ್ಲೇ ಬರೆದುಕೊಳ್ಳುತ್ತೇನೆ, ಪುಸ್ತಕದ ಕನ್ನಡಕ್ಕೆ ತಿದ್ದುವುದಿಲ್ಲ. ಹಿಂದಿ, ಮರಾಠಿ ನಡುನಡುವೆ ಬಂದರೆ ಹಾಗೇ. ಒಂದು ಪ್ರತಿಯನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ ಆ ಮನೆಗೇ ಕೊಡುತ್ತೇನೆ, ಧ್ವನಿಯನ್ನು ಪೆನ್‌ಡ್ರೈವಿನಲ್ಲಿ. ಪೆನ್‌ಡ್ರೈವ್ ಕಳೆದುಹೋಗುತ್ತದೆ, ಕಾಗದ ಟ್ರಂಕಿಗೆ ಸೇರುತ್ತದೆ.

ಈಗ ಹಿಡಿದಿರುವುದು ಶ್ರೀಲಂಕಾಕ್ಕೆ ಹೋಗಿ ಬಂದವರನ್ನು. ಭಾರತ, ಶ್ರೀಲಂಕಾ ನಡುವಿನ 1987ರ ಜುಲೈ ಒಪ್ಪಂದದ ಮೇಲೆ ಹೋದ ನಮ್ಮ ಶಾಂತಿ ಪಾಲನಾ ಪಡೆ 1990ರ ಮಾರ್ಚಿನಲ್ಲಿ ವಾಪಸಾಯಿತು. ಅಷ್ಟರಲ್ಲಿ ನಮ್ಮವರು ಸಾವಿರದ ನೂರಕ್ಕೂ ಹೆಚ್ಚು ಜನ ಅಲ್ಲಿ ಸತ್ತಿದ್ದರು. ಕೊನೆಯ ತುಕಡಿ ಮದ್ರಾಸಿನಲ್ಲಿ ಇಳಿದಾಗ ಆ ರಾಜ್ಯದ ಮುಖ್ಯಮಂತ್ರಿ ಎದುರುಗೊಳ್ಳಲು ಹೋಗಲಿಲ್ಲ. ಶಾಲೆಗಳವರು ಕಾರ್ಗಿಲ್ ದಿನಕ್ಕೆ, ವಿಜಯ ದಿವಸಕ್ಕೆ ಶಾಲು ಹೊದಿಸಲು ಕರೆಯುವವರ ಪಟ್ಟಿಯಲ್ಲಿ ಇವರ ಹೆಸರು ಕಾಣುವುದಿಲ್ಲ. ವಯಸ್ಸು ಅರವತ್ತರ ಆಸುಪಾಸು. ಬ್ಯಾಂಕಿನಲ್ಲಿ, ಎಟಿಎಂ ಮುಂದೆ ಕಾವಲು ಕೆಲಸ ಮಾಡಿದವರು ಅನೇಕರು. ‘ಶಾಂತಿ ಪಡೆ ಅಂದ್ರಲ್ರಿ, ಹಂಗಾಗಿ ಲಡಾಯಿ ಇರಂಗಿಲ್ಲ ಅಂತ ನಾವು ಆರಾಮ ಇದ್ವಿ’ ಎಂದರು ಒಬ್ಬರ ಹೆಂಡತಿ. ಗಂಡ ಪಕ್ಕದ ಕೋಣೆಯಲ್ಲಿದ್ದರು, ಏನೂ ಅನ್ನಲಿಲ್ಲ. ನೆಲಬಾಂಬಿನ ಹಾದಿಯಲ್ಲಿ ನಡೆದ ಅವರು ಇವತ್ತಿಗೂ ಹೊಲಕ್ಕೆ ಹೋದರೆ ಎತ್ತು ಹೆಜ್ಜೆ ಇಟ್ಟಲ್ಲೇ ಕಾಲಿಡುತ್ತಾರೆ ಎಂದು ಆಕೆಯೇ ಹೇಳಿದ್ದು. ಮುಂದಿನ ಸೋಮವಾರ ಬರ್ರಿ ಎಂದಿದ್ದಾರೆ, ಟ್ರಂಕಿನ ಕೀಲಿ ಹುಡುಕಿಸಿ ಇಟ್ಟಿರುತ್ತಾರಂತೆ.